ಬಾವಿಯಿಂದ ಕೊಳವೆಯವರೆಗೆ: ಕಚ್ಚಾ ತೈಲದ ಟ್ಯಾಂಕರ್ ಚಾಲಕರಾಗುವ ದಾರಿ

ತೈಲಬಾವಿಯ ಪಕ್ಕದ ತೊಟ್ಟಿಯಲ್ಲಿರುವ ಕಚ್ಚಾ ತೈಲವನ್ನು ಅಳೆದು, ಲಾರಿಗೆ ತುಂಬಿಕೊಂಡು, ಹತ್ತಿರದ ಕೊಳವೆಮಾರ್ಗದ ನಿಲ್ದಾಣಕ್ಕೋ ರೈಲು ನಿಲ್ದಾಣಕ್ಕೋ ತಲುಪಿಸುವುದು ಕಚ್ಚಾ ತೈಲದ ಟ್ಯಾಂಕರ್ ಚಾಲಕರ ಕೆಲಸ. ಪೆಟ್ರೋಲ್ ಬಂಕಿಗೆ ಇಂಧನ ತರುವ ಟ್ಯಾಂಕರಿಗೂ ಇದಕ್ಕೂ ವ್ಯತ್ಯಾಸ ಬಹಳ. ಬಂಕಿನ ಟ್ಯಾಂಕರ್ ಒಯ್ಯುವುದು ಡಿಪೋದಲ್ಲಿ ಯಂತ್ರ ಅಳೆದುಕೊಟ್ಟ, ಸಂಸ್ಕರಿಸಿದ ಸರಕನ್ನು. ಕಚ್ಚಾ ತೈಲದ ಚಾಲಕರ ಪಾಲಿಗೆ ಬರುವುದು ನೆಲದಾಳದಿಂದ ಆಗತಾನೇ ಮೇಲೆ ಬಂದ, ನೀರು, ಕೆಸರು, ಅನಿಲ ಬೆರೆತ ದ್ರವ. ಅದು ಎಷ್ಟಿದೆ, ಎಂಥದ್ದಿದೆ, ಕೊಳ್ಳಲು ಯೋಗ್ಯವೇ ಎಂಬುದನ್ನು ಅನೇಕ ಕಡೆ ಚಾಲಕರೇ ಪರೀಕ್ಷಿಸಿ ತೀರ್ಮಾನಿಸಬೇಕು. ಲಾರಿ ಓಡಿಸಬಲ್ಲವರೆಲ್ಲ ಈ ಕೆಲಸ ಮಾಡಲಾರರು ಎನ್ನುವುದಕ್ಕೆ ಇದೇ ಕಾರಣ.

ಈ ವೃತ್ತಿ ದೊಡ್ಡ ಪ್ರಮಾಣದಲ್ಲಿ ಬೆಳೆದಿರುವುದು ಅಮೆರಿಕದಲ್ಲಿ. ಟೆಕ್ಸಾಸ್ ರಾಜ್ಯದ ಪಶ್ಚಿಮ ಭಾಗ ಮತ್ತು ನ್ಯೂ ಮೆಕ್ಸಿಕೊದ ಆಗ್ನೇಯ ಮೂಲೆಯನ್ನು ಆವರಿಸಿರುವ ಪರ್ಮಿಯನ್ ತೈಲ ಪ್ರದೇಶ, ದಕ್ಷಿಣ ಟೆಕ್ಸಾಸಿನ ಈಗಲ್ ಫೋರ್ಡ್, ಉತ್ತರ ಡಕೋಟದ ಬಾಕನ್ ಇದರ ಮುಖ್ಯ ನೆಲೆಗಳು. ಮಿಡ್‌ಲ್ಯಾಂಡ್, ಒಡೆಸ್ಸಾ, ಪೇಕೋಸ್, ಕಾರ್ಲ್ಸ್‌ಬ್ಯಾಡ್, ವಿಲಿಸ್ಟನ್‌ನಂಥ ಊರುಗಳಲ್ಲಿ ಹಗಲಿರುಳು ಟ್ಯಾಂಕರುಗಳ ಓಡಾಟ.

ಕೊಳವೆ ಇದ್ದರೂ ಲಾರಿ ಏಕೆ?

ಅಮೆರಿಕದ ತೈಲೋದ್ಯಮ ಹುಟ್ಟಿದ್ದು 1859ರಲ್ಲಿ, ಪೆನ್ಸಿಲ್ವೇನಿಯದ ಟೈಟಸ್‌ವಿಲ್ ಬಳಿ ಎಡ್ವಿನ್ ಡ್ರೇಕ್ ಬಾವಿ ಕೊರೆದಾಗ. ಆಗ ತೈಲವನ್ನು ಮರದ ಪೀಪಾಯಿಗಳಲ್ಲಿ ತುಂಬಿ ಕುದುರೆಗಾಡಿಗಳಲ್ಲಿ ಸಾಗಿಸುತ್ತಿದ್ದರು. ಗಾಡಿಯವರು ಕೇಳಿದ್ದೇ ಬಾಡಿಗೆ. ಇದರಿಂದ ಬೇಸತ್ತ ಸ್ಯಾಮ್ಯುಯೆಲ್ ವ್ಯಾನ್ ಸೈಕಲ್ ಎಂಬ ವ್ಯಾಪಾರಿ 1865ರಲ್ಲಿ ಪಿಟ್‌ಹೋಲ್‌ನಿಂದ ರೈಲು ಮಾರ್ಗದವರೆಗೆ ಸುಮಾರು 8 ಕಿಲೋಮೀಟರ್ ಉದ್ದದ ಎರಡು ಇಂಚಿನ ಕೊಳವೆ ಹಾಕಿಸಿದ. ಹೊಟ್ಟೆಪಾಡು ಹೋಯಿತೆಂದು ಗಾಡಿಯವರು ಕೊಳವೆಯನ್ನು ಅಗೆದು ಕಿತ್ತರು. ಕೊನೆಗೆ ಬಂದೂಕು ಹಿಡಿದ ಕಾವಲುಗಾರರನ್ನು ನಿಲ್ಲಿಸಬೇಕಾಯಿತು. ಅಂದಿನಿಂದ ಇಂದಿನವರೆಗೂ ದೂರದ ಸಾಗಣೆ ಕೊಳವೆಯ ಪಾಲು, ಮೊದಲ ತುಣುಕು ದಾರಿ ಗಾಡಿಯ ಪಾಲು ಎಂಬಂತೆ ಕೆಲಸ ಹಂಚಿಹೋಗಿದೆ.

ಕೊಳವೆ ಅಗ್ಗವೆಂದ ಮಾತ್ರಕ್ಕೆ ಅದನ್ನು ಪ್ರತಿ ಬಾವಿಗೂ ಎಳೆಯಲಾಗದು. ಅಮೆರಿಕದಲ್ಲಿ ದಿನಕ್ಕೆ 15 ಬ್ಯಾರೆಲ್ ಅಥವಾ ಅದಕ್ಕಿಂತ ಕಡಿಮೆ ತೈಲ ಕೊಡುವ ಹಳೆಯ ಬಾವಿಗಳು ಲೆಕ್ಕವಿಲ್ಲದಷ್ಟಿವೆ. ಇಂಥ ಬಾವಿಗೆ ಕೊಳವೆ ಹಾಕಿದ ಖರ್ಚು ಎಂದೂ ಗಿಟ್ಟುವುದಿಲ್ಲ. ಇತ್ತ ಶೇಲ್ ಬಂಡೆಯನ್ನು ಸೀಳಿ ತೈಲ ತೆಗೆಯುವ ಹೊಸ ಬಾವಿಗಳು ಮೊದಲ ತಿಂಗಳುಗಳಲ್ಲಿ ಧಾರಾಳವಾಗಿ ಕೊಟ್ಟು ಬೇಗನೆ ಬತ್ತತೊಡಗುತ್ತವೆ. ಜಮೀನಿನ ಒಡೆಯರ ಒಪ್ಪಿಗೆ ಪಡೆದು ಕೊಳವೆ ಹೂಳುವಷ್ಟರಲ್ಲಿ ಅವುಗಳ ಭರ ಇಳಿದಿರುತ್ತದೆ. ಈ ಎರಡು ಬಗೆಯ ಬಾವಿಗಳ ತೈಲ ಹೊರಬೀಳಲು ಲಾರಿಯೇ ಬೇಕು.

ಲೈಸೆನ್ಸ್ ಪಡೆಯುವ ಹಂತಗಳು

ಅಮೆರಿಕದಲ್ಲಿ ಟ್ರ್ಯಾಕ್ಟರ್ ಮತ್ತು ಟ್ರೇಲರ್ ಜೋಡಿಸಿದ ದೊಡ್ಡ ಲಾರಿ ಓಡಿಸಲು ಎ ದರ್ಜೆಯ ವಾಣಿಜ್ಯ ಚಾಲನಾ ಪರವಾನಗಿ ಬೇಕು. ಎಲ್ಲರ ಬಾಯಲ್ಲಿ ಅದು ‘ಸಿಡಿಎಲ್’. 1986ರ ಒಂದು ಕೇಂದ್ರ ಕಾಯ್ದೆ ಇದಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಮಟ್ಟವನ್ನು ಗೊತ್ತುಮಾಡಿತು. ರಾಜ್ಯದ ಗಡಿ ದಾಟಿ ಓಡಿಸಲು, ಅಪಾಯಕಾರಿ ಸರಕು ಸಾಗಿಸಲು 21 ವರ್ಷ ತುಂಬಿರಬೇಕು. ಕಣ್ಣು, ಕಿವಿ, ರಕ್ತದೊತ್ತಡ ಎಲ್ಲವನ್ನೂ ನೋಡಿ ಮಾನ್ಯತೆ ಪಡೆದ ವೈದ್ಯರು ಕೊಡುವ ಪ್ರಮಾಣಪತ್ರ ಗರಿಷ್ಠ ಎರಡು ವರ್ಷ ನಡೆಯುತ್ತದೆ. ಮಾದಕ ವಸ್ತುಗಳ ಪರೀಕ್ಷೆ ಕಡ್ಡಾಯ. ಅದರಲ್ಲಿ ಸಿಕ್ಕಿಬಿದ್ದವರ ವಿವರ 2020ರ ಜನವರಿಯಿಂದ ಕೇಂದ್ರ ಸರ್ಕಾರದ ಒಂದೇ ದಾಖಲೆಯಲ್ಲಿ ಸೇರುತ್ತದೆ. ಹೀಗಾಗಿ ಒಂದು ಕಂಪನಿಯಲ್ಲಿ ಸಿಕ್ಕಿಬಿದ್ದವರು ಅದನ್ನು ಮುಚ್ಚಿಟ್ಟು ಇನ್ನೊಂದು ಕಂಪನಿ ಸೇರುವುದು ಕಷ್ಟ. ರಸ್ತೆ ಫಲಕ ಓದಲು, ಅಧಿಕಾರಿಗಳ ಪ್ರಶ್ನೆಗೆ ಉತ್ತರಿಸಲು, ದಾಖಲೆ ಬರೆಯಲು ಸಾಕಾಗುವಷ್ಟು ಇಂಗ್ಲಿಷ್ ಬರಬೇಕೆಂಬ ನಿಯಮವೂ ಇದೆ.

ಮೊದಲು ಬರವಣಿಗೆಯ ಪರೀಕ್ಷೆ ಬರೆದು ಕಲಿಕಾ ಪರವಾನಗಿ ಪಡೆಯಬೇಕು. ಅದು ಕೈಗೆ ಬಂದು ಕನಿಷ್ಠ 14 ದಿನ ಕಳೆದ ಮೇಲಷ್ಟೇ ಚಾಲನಾ ಪರೀಕ್ಷೆ. 2022ರ ಫೆಬ್ರುವರಿ 7ರಿಂದ ಸರ್ಕಾರದ ಪಟ್ಟಿಯಲ್ಲಿರುವ ತರಬೇತಿ ಕೇಂದ್ರದಲ್ಲಿ ಕಲಿಯದೆ ಆ ಪರೀಕ್ಷೆಗೆ ಕೂರುವಂತಿಲ್ಲ. ತೈಲದ ಊರುಗಳಾದ ವಿಲಿಸ್ಟನ್, ಒಡೆಸ್ಸಾಗಳ ಕಾಲೇಜುಗಳಲ್ಲೇ ಇಂಥ ತರಬೇತಿ ಸಿಗುತ್ತದೆ. ಪರೀಕ್ಷೆಯಲ್ಲಿ ಮೂರು ಭಾಗ. ಹೊರಡುವ ಮುನ್ನ ಲಾರಿಯ ಒಂದೊಂದೇ ಅಂಗವನ್ನು ಮುಟ್ಟಿ ತೋರಿಸಿ ಅದರ ಸ್ಥಿತಿ ಹೇಳುವುದು ಮೊದಲನೆಯದು. ಟ್ರೇಲರ್ ಸಮೇತ ಹಿಂದಕ್ಕೆ ತಂದು ಗೆರೆಯೊಳಗೆ ನಿಲ್ಲಿಸುವಂಥ ಕಸರತ್ತು ಎರಡನೆಯದು. ಮೂರನೆಯದು ರಸ್ತೆಯ ಮೇಲಿನ ಚಾಲನೆ.

ಇಷ್ಟಾದರೂ ಕಚ್ಚಾ ತೈಲ ಸಾಗಿಸುವ ಹಕ್ಕು ಬರುವುದಿಲ್ಲ. ಪರವಾನಗಿಯ ಮೇಲೆ ಇನ್ನೆರಡು ಮುದ್ರೆ ಬೀಳಬೇಕು. ದ್ರವ ತುಂಬಿದ ಟ್ಯಾಂಕರ್ ಓಡಿಸಲು ‘ಎನ್’, ಅಪಾಯಕಾರಿ ಸರಕಿಗೆ ‘ಎಚ್’. ಎರಡೂ ಇದ್ದವರಿಗೆ ‘ಎಕ್ಸ್’. ‘ಎನ್’ ಒಂದು ಬರವಣಿಗೆಯ ಪರೀಕ್ಷೆಯಲ್ಲಿ ಮುಗಿಯುತ್ತದೆ. ‘ಎಚ್’ ಸಿಗಬೇಕಾದರೆ ಬೆರಳಚ್ಚು ಕೊಟ್ಟು, ಸಾರಿಗೆ ಭದ್ರತಾ ಇಲಾಖೆ ನಡೆಸುವ ಹಿನ್ನೆಲೆ ತಪಾಸಣೆ ದಾಟಬೇಕು. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಬಂದ ಕಾಯ್ದೆಯಲ್ಲಿ ಈ ನಿಯಮದ ಬೇರಿದೆ. ಐದು ವರ್ಷಕ್ಕೊಮ್ಮೆ ಈ ತಪಾಸಣೆ ಮತ್ತೆ ನಡೆಯುತ್ತದೆ.

ಮೊದಲ ಕೆಲಸ

ಕೈಯಲ್ಲಿ ‘ಎಕ್ಸ್’ ಮುದ್ರೆಯ ಲೈಸೆನ್ಸ್ ಇದ್ದರೂ ಹೊಸಬರಿಗೆ ಕಚ್ಚಾ ತೈಲದ ಕಂಪನಿಗಳ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ವಿಮೆ ಕಂಪನಿಗಳು ಸಾಮಾನ್ಯವಾಗಿ ಒಂದೆರಡು ವರ್ಷದ ಚಾಲನಾ ಅನುಭವ ಕೇಳುತ್ತವೆ. ಅದಕ್ಕೇ ಅನೇಕರು ತೈಲ ಸೀಮೆಯಲ್ಲೇ ನೀರಿನ ಟ್ಯಾಂಕರ್ ಅಥವಾ ಮರಳಿನ ಲಾರಿಯಿಂದ ಶುರು ಮಾಡುತ್ತಾರೆ. ಬಾವಿಯಿಂದ ತೈಲದ ಜೊತೆ ಉಪ್ಪುನೀರೂ ಹೇರಳವಾಗಿ ಬರುತ್ತದೆ. ಅದನ್ನು ಸಾಗಿಸಿ ವಿಲೇವಾರಿ ಮಾಡುವುದೇ ದೊಡ್ಡ ಉದ್ಯಮ. ತೈಲ ಸೀಮೆಯ ಮಣ್ಣುರಸ್ತೆ, ಬಾವಿಯಂಗಳದ ಶಿಸ್ತು, ಟ್ಯಾಂಕರಿನ ಓಲಾಟ ಎಲ್ಲವೂ ಅಲ್ಲಿ ಅಭ್ಯಾಸವಾಗುತ್ತವೆ. ಕಚ್ಚಾ ತೈಲಕ್ಕೆ ಬರಬೇಕೆಂದಿರುವವರಿಗೆ ಇದು ಒಳ್ಳೆಯ ಮೆಟ್ಟಿಲು.

ಕಂಪನಿ ಸೇರಿದ ಮೇಲೆ ಹೊಸಬರನ್ನು ಅನುಭವಿ ಚಾಲಕರ ಜೊತೆ ಕೆಲವು ವಾರ ಕಳುಹಿಸುತ್ತಾರೆ. ಈ ವಾರಗಳಲ್ಲಿ ಕಲಿಯುವುದರಲ್ಲಿ ಚಾಲನೆಯ ಪಾಲು ಚಿಕ್ಕದು. ಬಾವಿಗಳಿಗೆ ಮನೆಯ ವಿಳಾಸದಂಥ ವಿಳಾಸವಿರುವುದಿಲ್ಲ. ಗುತ್ತಿಗೆಯ ಹೆಸರು, ಜಮೀನಿನ ಸರ್ವೆ ವಿವರ, ಉಪಗ್ರಹ ಸೂಚಿಸುವ ಬಿಂದು ಇವುಗಳ ಮೇಲೆ ದಾರಿ ಹುಡುಕಬೇಕು. ದನಗಳು ದಾಟದಂತೆ ನೆಲದಲ್ಲಿ ಕಬ್ಬಿಣದ ಸರಳು ಹಾಸಿದ ಗೇಟುಗಳನ್ನು ದಾಟಿ ಹೋಗಬೇಕು. ಟ್ಯಾಂಕರಿನ ವಾಲ್ವುಗಳು, ಪಂಪು, ಹೋಸ್ ಪೈಪು, ನೆಲಸಂಪರ್ಕದ ತಂತಿ, ಕಾಗದಪತ್ರ ಎಲ್ಲವನ್ನೂ ಹಳಬರು ಮಾಡಿ ತೋರಿಸುತ್ತಾರೆ. ಅಪಾಯಕಾರಿ ಸರಕು ಮುಟ್ಟುವವರಿಗೆ ಕಂಪನಿ 90 ದಿನದೊಳಗೆ ತರಬೇತಿ ಕೊಡಲೇಬೇಕೆಂದು ಕಾನೂನು ಹೇಳುತ್ತದೆ. ಅಲ್ಲಿಯವರೆಗೆ ಹೊಸಬರು ತರಬೇತಾದವರ ನೇರ ಉಸ್ತುವಾರಿಯಲ್ಲೇ ಕೆಲಸ ಮಾಡಬೇಕು. ಮೂರು ವರ್ಷಕ್ಕೊಮ್ಮೆ ತರಬೇತಿ ಮತ್ತೆ ಆಗಬೇಕು.

ತೊಟ್ಟಿಯ ಮೇಲಿನ ಅಳತೆ

ಈ ವೃತ್ತಿಯ ತಿರುಳಿರುವುದು ತೊಟ್ಟಿಯ ಅಳತೆಯಲ್ಲಿ. ಬಾವಿಯಂಗಳದಲ್ಲಿ ಸಾಲಾಗಿ ನಿಂತ ಉಕ್ಕಿನ ತೊಟ್ಟಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 400 ಬ್ಯಾರೆಲ್ಲಿನದು: 12 ಅಡಿ ಅಡ್ಡಳತೆ, 20 ಅಡಿ ಎತ್ತರ. ಒಂದು ಬ್ಯಾರೆಲ್ ಎಂದರೆ 42 ಅಮೆರಿಕನ್ ಗ್ಯಾಲನ್, ಸುಮಾರು 159 ಲೀಟರ್. ಇಂಥ ತೊಟ್ಟಿಯಲ್ಲಿ ಒಂದು ಇಂಚು ಎತ್ತರದ ತೈಲ ಸುಮಾರು 1.67 ಬ್ಯಾರೆಲ್ ಆಗುತ್ತದೆ.

ಚಾಲಕರು ಬಂದೊಡನೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಾರೆ. ಲಾರಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡೆ ಕೊಟ್ಟು, ಕಿಡಿ ಹಾರದಂತೆ ನೆಲಸಂಪರ್ಕದ ತಂತಿ ಸಿಕ್ಕಿಸುತ್ತಾರೆ. ಎದೆಯ ಮೇಲಿನ ಅನಿಲಮಾಪಕ ಕೆಲಸ ಮಾಡುತ್ತಿದೆಯೇ ಎಂದು ಖಚಿತಪಡಿಸಿಕೊಂಡು ಮೆಟ್ಟಿಲೇರುತ್ತಾರೆ. ಮೈಮೇಲಿನ ಸ್ಥಾಯಿ ವಿದ್ಯುತ್ತು ಇಳಿದುಹೋಗಲೆಂದು ಬರಿಗೈಯಲ್ಲಿ ಕಬ್ಬಿಣದ ಕಂಬಿ ಮುಟ್ಟುವುದು ರೂಢಿ. ಮೇಲಿನ ಮುಚ್ಚಳವನ್ನು ಗಾಳಿ ಬೆನ್ನಿಗೆ ಬರುವಂತೆ ನಿಂತು, ಮುಖವನ್ನು ದೂರವಿಟ್ಟು ತೆರೆಯಬೇಕು. ಒಳಗೆ ಒತ್ತಿಕೊಂಡಿದ್ದ ಆವಿ ಭುಸ್ಸೆಂದು ಹೊರಬರುತ್ತದೆ. ಅದು ಚದುರಿಹೋಗುವವರೆಗೆ ಹಿಂದೆ ಸರಿದು ನಿಲ್ಲಬೇಕು.

ಆಮೇಲೆ ಅಳತೆ. ತುದಿಗೆ ಹಿತ್ತಾಳೆಯ ಗುಂಡು ಕಟ್ಟಿದ ಉಕ್ಕಿನ ಟೇಪನ್ನು ಇಳಿಬಿಟ್ಟು ತೈಲದ ಮಟ್ಟವನ್ನು ಕಾಲು ಇಂಚಿನಷ್ಟು ನಿಖರವಾಗಿ ಓದುತ್ತಾರೆ. ಕಾಲು ಇಂಚು ತಪ್ಪಿದರೂ 66 ಲೀಟರಿನಷ್ಟು ತೈಲ ಲೆಕ್ಕ ತಪ್ಪುತ್ತದೆ. ಅದಕ್ಕೇ ಒಂದೇ ಅಳತೆ ಮತ್ತೆ ಬರುವವರೆಗೆ ಟೇಪು ಇಳಿಸುತ್ತಾರೆ. ನೀರು ತಗಲಿದರೆ ಬಣ್ಣ ಬದಲಿಸುವ ಲೇಪವನ್ನು ಗುಂಡಿಗೆ ಹಚ್ಚಿದರೆ ತಳದಲ್ಲಿ ನೀರೆಷ್ಟು ನಿಂತಿದೆ ಎಂಬುದೂ ಗೊತ್ತಾಗುತ್ತದೆ. ತೈಲ ಹೊರಬರುವ ಕೊಳವೆ ಸಾಮಾನ್ಯವಾಗಿ ತಳದಿಂದ ಒಂದು ಅಡಿ ಮೇಲಿರುತ್ತದೆ. ಕೆಸರು, ನೀರು ಆ ಮಟ್ಟಕ್ಕಿಂತ ಸಾಕಷ್ಟು ಕೆಳಗಿದ್ದರಷ್ಟೇ ತೈಲ ತುಂಬಬಹುದು.

ಮುಂದಿನದು ಗುಣಪರೀಕ್ಷೆ. ಬೇಕಾದ ಆಳದಲ್ಲಿ ತೆರೆದು ಮುಚ್ಚುವ ಹಿತ್ತಾಳೆಯ ಕೊಳವೆಯನ್ನು ಇಳಿಸಿ ತೊಟ್ಟಿಯ ಮೇಲು, ನಡು, ತಳ ಮೂರೂ ಮಟ್ಟಗಳಿಂದ ಮಾದರಿ ತೆಗೆಯುತ್ತಾರೆ. ಹಾಲಿನ ಡೈರಿಯಲ್ಲಿ ಲ್ಯಾಕ್ಟೋಮೀಟರ್ ತೇಲಿಬಿಟ್ಟು ನೋಡುವಂತೆ ಇಲ್ಲಿ ಹೈಡ್ರೋಮೀಟರ್ ತೇಲಿಬಿಟ್ಟು ತೈಲ ಎಷ್ಟು ಹಗುರವೆಂದು ಓದುತ್ತಾರೆ. ಇದರ ಅಳತೆಗೋಲು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನದು. ಅದರಲ್ಲಿ ನೀರಿನ ಅಂಕಿ 10. ಟೆಕ್ಸಾಸಿನ ಹಗುರ ತೈಲದ್ದು 40ರ ಆಸುಪಾಸು. ಅಂಕಿ ಹೆಚ್ಚಿದಷ್ಟೂ ತೈಲ ಹಗುರ. ಮಾದರಿಗೆ ದ್ರಾವಕ ಬೆರೆಸಿ, ಗಿರಗಿರನೆ ತಿರುಗುವ ಯಂತ್ರದಲ್ಲಿಟ್ಟರೆ ನೀರು ಮತ್ತು ಕಸ ತಳಕ್ಕೆ ಕೂರುತ್ತವೆ. ಅದರ ಪ್ರಮಾಣ ಒಪ್ಪಂದದ ಮಿತಿಯನ್ನು ಮೀರಿದ್ದರೆ ಚಾಲಕರು ತೈಲವನ್ನು ತಿರಸ್ಕರಿಸಿ, ಕಾರಣ ಬರೆದಿಟ್ಟು, ಖಾಲಿ ಲಾರಿಯಲ್ಲಿ ಹಿಂದಿರುಗುತ್ತಾರೆ. ಈ ಮಿತಿ ಅನೇಕ ಕಡೆ ಶೇಕಡಾ 1ರಷ್ಟು ಅಥವಾ ಅದಕ್ಕೂ ಕಡಿಮೆ. ಕೆಟ್ಟ ತೈಲವನ್ನು ತಂದು ನಿಲ್ದಾಣಕ್ಕೆ ಸುರಿದರೆ ಅಲ್ಲಿರುವ ಒಳ್ಳೆಯ ತೈಲವೂ ಕೆಡುತ್ತದೆ. ಆದ್ದರಿಂದ ಬೇಡವೆನ್ನುವ ಧೈರ್ಯ ಈ ಕೆಲಸದ ಅರ್ಹತೆಗಳಲ್ಲೊಂದು.

ಉಷ್ಣಾಂಶವನ್ನೂ ದಾಖಲಿಸಬೇಕು. ತೈಲ ಬಿಸಿಯಾದಾಗ ಹಿಗ್ಗುತ್ತದೆ, ತಂಪಾದಾಗ ಕುಗ್ಗುತ್ತದೆ. ವ್ಯಾಪಾರ ನಡೆಯುವುದು 60 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 15.6 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ಲೆಕ್ಕದಲ್ಲಿ. ಬಿಸಿಲಲ್ಲಿ ಕಾದು 90 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ 180 ಬ್ಯಾರೆಲ್ ಹಗುರ ತೈಲ ಆ ಲೆಕ್ಕಕ್ಕೆ ಬಂದಾಗ ಎರಡೂವರೆ ಬ್ಯಾರೆಲ್ಲಿನಷ್ಟು ಇಳಿಯುತ್ತದೆ.

ಎಲ್ಲವೂ ಸರಿಯಿದ್ದರೆ ವಾಲ್ವಿನ ಸೀಲು ಮುರಿದು, ಅದರ ಸಂಖ್ಯೆ ಬರೆದುಕೊಂಡು, ಲಾರಿಯ ಎಂಜಿನ್ ಬಲದಿಂದ ನಡೆಯುವ ಪಂಪಿನಿಂದ ತೈಲ ತುಂಬಿಕೊಳ್ಳುತ್ತಾರೆ. ತುಂಬುವಷ್ಟೂ ಹೊತ್ತು ಚಾಲಕರು ಎಚ್ಚರವಾಗಿ ಹತ್ತಿರದಲ್ಲೇ ಇರಬೇಕು. ಕ್ಯಾಬಿನ್‌ನಲ್ಲಿ ಕುಳಿತು ತೂಕಡಿಸುವಂತಿಲ್ಲ. ಮುಗಿದ ಮೇಲೆ ಹೊಸ ಸೀಲು ಹಾಕಿ, ಮತ್ತೆ ತೊಟ್ಟಿ ಅಳೆದು, ಚೀಟಿ ಬರೆಯುತ್ತಾರೆ. ಮೊದಲ ಅಳತೆಗೂ ಕೊನೆಯ ಅಳತೆಗೂ ಇರುವ ವ್ಯತ್ಯಾಸವೇ ಮಾರಾಟವಾದ ತೈಲ. ಬಾವಿಯ ಕಂಪನಿಗೆ ಹಣ, ಖನಿಜದ ಹಕ್ಕುಳ್ಳ ಜಮೀನಿನ ಒಡೆಯರಿಗೆ ರಾಜಧನ, ರಾಜ್ಯಕ್ಕೆ ತೆರಿಗೆ ಎಲ್ಲವೂ ಈ ಚೀಟಿಯ ಮೇಲೆ ನಿಂತಿವೆ. ಟೆಕ್ಸಾಸ್ ರಾಜ್ಯ ತೈಲದ ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾ 4.6ರಷ್ಟು ಉತ್ಪಾದನಾ ತೆರಿಗೆ ಹಾಕುತ್ತದೆ. ಕಾಲು ಇಂಚಿನ ಪ್ರಾಮಾಣಿಕತೆ ಇಷ್ಟು ಜನರ ಲೆಕ್ಕವನ್ನು ಕಾಯುತ್ತದೆ.

ಮುಚ್ಚಳದ ಕೆಳಗಿನ ಸಾವು

ಹೊಸಬರು ರಸ್ತೆಗೆ ಹೆದರುತ್ತಾರೆ. ತೊಟ್ಟಿಯ ಮುಚ್ಚಳಕ್ಕೆ ಹೆದರುವುದನ್ನು ಅವರಿಗೆ ಕಲಿಸಬೇಕಾಗುತ್ತದೆ. ಕೆಲವು ಬಾವಿಗಳ ತೈಲದಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಇರುತ್ತದೆ. ಸ್ವಲ್ಪವೇ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 100 ಭಾಗದಷ್ಟಾದಾಗ ಅದು ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತು, ಅಪಾಯ ಕಳೆಯಿತು ಎಂದು ಎಣಿಸಿದವರು ಅಲ್ಲೇ ಉರುಳುತ್ತಾರೆ. ಪ್ರಮಾಣ 1,000ಕ್ಕೆ ಏರಿದರೆ ಸಾವು ಕ್ಷಣಗಳಲ್ಲಿ. ಅನಿಲ ಗಾಳಿಗಿಂತ ಭಾರವಾದ್ದರಿಂದ ತಗ್ಗುಗಳಲ್ಲಿ ನಿಲ್ಲುತ್ತದೆ. ಮೂಗನ್ನು ನಂಬುವಂತಿಲ್ಲವಾದ್ದರಿಂದ ಎದೆಯ ಮೇಲಿನ ಮಾಪಕವನ್ನು ಸಾಮಾನ್ಯವಾಗಿ 10 ಭಾಗಕ್ಕೇ ಕೂಗುವಂತೆ ಹೊಂದಿಸಿರುತ್ತಾರೆ. ಅದು ಕೂಗಿದರೆ ಮಾಡಬೇಕಾದ್ದು ಒಂದೇ: ಗಾಳಿ ಬರುವ ದಿಕ್ಕಿಗೆ ಅಡ್ಡಲಾಗಿ ಸರಿದು, ಗಾಳಿಗೆ ಎದುರಾಗಿ ದೂರ ಹೋಗುವುದು. ಬಿದ್ದ ಜೊತೆಗಾರರನ್ನು ಎತ್ತಲು ಉಸಿರಾಟದ ಉಪಕರಣವಿಲ್ಲದೆ ಧಾವಿಸಿದವರು ಎರಡನೆಯ ಹೆಣವಾಗುತ್ತಾರೆ.

ಈ ವಿಷಾನಿಲ ಇಲ್ಲದ ತೈಲವೂ ಕೊಲ್ಲಬಲ್ಲದು. ಪ್ರೋಪೇನ್, ಬ್ಯುಟೇನ್‌ನಂಥ ಹಗುರ ಅನಿಲಗಳು ಮುಚ್ಚಳ ತೆರೆದೊಡನೆ ದಟ್ಟವಾಗಿ ಮೇಲೆದ್ದು ಅಲ್ಲಿನ ಆಮ್ಲಜನಕವನ್ನು ತಳ್ಳಿಬಿಡುತ್ತವೆ, ಹೃದಯದ ಬಡಿತವನ್ನು ಹದಗೆಡಿಸುತ್ತವೆ. 2010ರಿಂದ 2014ರ ನಡುವೆ ತೊಟ್ಟಿ ಅಳೆಯುವಾಗ ಅಥವಾ ಮಾದರಿ ತೆಗೆಯುವಾಗ ಒಂಬತ್ತು ಕಾರ್ಮಿಕರು ಸತ್ತರೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಗಳು ಗುರುತಿಸಿದವು. ಅವರಲ್ಲಿ ಬಹುತೇಕರು ಒಂಟಿಯಾಗಿ ಕೆಲಸ ಮಾಡುತ್ತಿದ್ದರು. ಹೃದಯಾಘಾತವೆಂದು ಮೊದಲು ಬರೆದುಕೊಂಡ ಸಾವುಗಳ ಹಿಂದೆ ತೈಲದ ಆವಿ ಇತ್ತೆಂಬುದು ಬಹಳ ತಡವಾಗಿ ಬೆಳಕಿಗೆ ಬಂತು. 2016ರಲ್ಲಿ ಆ ಸಂಸ್ಥೆಗಳು ಎಚ್ಚರಿಕೆ ಪತ್ರ ಹೊರಡಿಸಿದವು. ಮುಚ್ಚಳ ತೆರೆಯದೆ ಅಳೆಯುವ ಸಾಧನಗಳಿಗೆ ಅದೇ ವರ್ಷ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಒಂದು ಮಾನದಂಡ ಪ್ರಕಟಿಸಿತು. ಈಗ ದೊಡ್ಡ ಬಾವಿಯಂಗಳಗಳಲ್ಲಿ ಮೀಟರ್ ಮತ್ತು ತಾನಾಗಿ ಮಾದರಿ ತೆಗೆಯುವ ಯಂತ್ರ ಜೋಡಿಸಿರುತ್ತಾರೆ. ಚಾಲಕರು ನೆಲದಲ್ಲೇ ನಿಂತು ಹೋಸ್ ಜೋಡಿಸಿದರೆ ಸಾಕು. ಚಿಕ್ಕ, ಹಳೆಯ ಬಾವಿಗಳಲ್ಲಿ ಮಾತ್ರ ಮೆಟ್ಟಿಲೇರುವುದು ಇನ್ನೂ ತಪ್ಪಿಲ್ಲ. ಕೆಲಸಕ್ಕೆ ಸೇರುವ ಮುನ್ನ ಕಂಪನಿಯನ್ನು ಕೇಳಲೇಬೇಕಾದ ಮೊದಲ ಪ್ರಶ್ನೆ ಸಂಬಳದ್ದಲ್ಲ, ಮುಚ್ಚಳ ತೆರೆದು ಅಳೆಯಬೇಕೇ ಎಂಬುದು.

ಓಲಾಡುವ ಸರಕು

ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಲಾರಿಯ ಒಟ್ಟು ತೂಕ 80,000 ಪೌಂಡ್, ಎಂದರೆ ಸುಮಾರು 36 ಟನ್ ಮೀರಬಾರದು. ಈ ಮಿತಿಯೊಳಗೆ 180ರಿಂದ 200 ಬ್ಯಾರೆಲ್ ಹಿಡಿಸುತ್ತದೆ. ತೈಲ ಹಗುರವಾಗಿದ್ದಷ್ಟೂ ಬ್ಯಾರೆಲ್ ಹೆಚ್ಚು. ಹಿಗ್ಗಲು ಜಾಗ ಬೇಕಾದ್ದರಿಂದ ಟ್ಯಾಂಕನ್ನು ಎಂದೂ ಪೂರ್ತಿ ತುಂಬುವುದಿಲ್ಲ. ಆ ಖಾಲಿ ಜಾಗದಿಂದಾಗಿ ದ್ರವ ಓಲಾಡುತ್ತದೆ. ಬ್ರೇಕ್ ಹಾಕಿದಾಗ ತೈಲ ಮುಂದಕ್ಕೆ ನುಗ್ಗಿ, ನಿಂತ ಲಾರಿಯನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಒಳಗಿನ ಅಡ್ಡತಟ್ಟೆಗಳು ಹಿಂದುಮುಂದಿನ ನುಗ್ಗನ್ನು ತಗ್ಗಿಸಿದರೂ ಎಡಬಲಕ್ಕೆ ಓಲುವುದನ್ನು ತಡೆಯಲಾರವು. ತಿರುವಿನಲ್ಲಿ ತುಸು ವೇಗ ಹೆಚ್ಚಾದರೂ ತೈಲವೆಲ್ಲ ಹೊರಮಗ್ಗುಲಿಗೆ ವಾಲಿ ಲಾರಿಯನ್ನು ಮಗುಚುತ್ತದೆ. ತಿರುವು ಶುರುವಾಗುವ ಮುನ್ನವೇ ವೇಗ ಇಳಿಸಬೇಕು, ಒಳಹೊಕ್ಕ ಮೇಲೆ ಬ್ರೇಕ್ ತುಳಿಯಬಾರದು.

ನೇರ ರಸ್ತೆಯೂ ನಂಬಿಕೆಗೆ ಅರ್ಹವಲ್ಲ. ತೂಕಡಿಸಿದಾಗ ಚಕ್ರ ರಸ್ತೆಯಂಚಿನ ಮಣ್ಣಿಗೆ ಇಳಿಯುತ್ತದೆ. ಗಾಬರಿಯಲ್ಲಿ ಸ್ಟೀರಿಂಗ್ ಎಳೆದರೆ ಟ್ಯಾಂಕರ್ ಉರುಳುತ್ತದೆ. ಅಮೆರಿಕದ ತೈಲ ಮತ್ತು ಅನಿಲ ಉದ್ಯಮದಲ್ಲಿ ಕೆಲಸದ ವೇಳೆ ಸಾಯುವ ಹತ್ತು ಜನರಲ್ಲಿ ಸುಮಾರು ನಾಲ್ವರು ಸಾಯುವುದು ರಸ್ತೆ ಅಪಘಾತದಲ್ಲಿ. ಪೇಕೋಸ್‌ನಿಂದ ಕಾರ್ಲ್ಸ್‌ಬ್ಯಾಡ್ ಕಡೆ ಹೋಗುವ 285ನೇ ಹೆದ್ದಾರಿಯನ್ನು ಅಲ್ಲಿನವರು ಸಾವಿನ ಹೆದ್ದಾರಿಯೆಂದೇ ಕರೆಯುತ್ತಾರೆ. ಟೆಕ್ಸಾಸಿನ ಬಾವಿಗಳ ದಾರಿಗೆ ಹಾಸಿದ ಸುಣ್ಣಮಣ್ಣು ಬೇಸಿಗೆಯಲ್ಲಿ ಕಣ್ಣು ಕಾಣದಷ್ಟು ದೂಳೆಬ್ಬಿಸುತ್ತದೆ, ಮಳೆ ಬಿದ್ದರೆ ಸಾಬೂನಿನಂತೆ ಜಾರುತ್ತದೆ. ಉತ್ತರ ಡಕೋಟದಲ್ಲಿ ಚಳಿಗಾಲದ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದುಂಟು. ಬ್ರೇಕಿನ ಗಾಳಿಕೊಳವೆಯೊಳಗಿನ ತೇವ ಹೆಪ್ಪುಗಟ್ಟುತ್ತದೆ.

ಕಚ್ಚಾ ತೈಲ ಹೊತ್ತ ಲಾರಿಯ ನಾಲ್ಕೂ ಬದಿಯಲ್ಲಿ ವಜ್ರಾಕಾರದ ಕೆಂಪು ಫಲಕ, ಅದರ ಮೇಲೆ 1267 ಎಂಬ ಸಂಖ್ಯೆ ಇರುತ್ತದೆ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಇದು ಕಚ್ಚಾ ತೈಲದ ಸಂಖ್ಯೆ. ಲಾರಿ ಉರುಳಿದರೆ ದೂರದಿಂದಲೇ ಇದನ್ನು ಓದಿ ಅಗ್ನಿಶಾಮಕ ದಳದವರು ಮುಂದಿನ ಕ್ರಮ ನಿರ್ಧರಿಸುತ್ತಾರೆ. ಸರಕಿನ ಕಾಗದಪತ್ರ ಚಾಲಕರ ಕೈಗೆಟಕುವಲ್ಲೇ ಇರಬೇಕು. ಗೇಟಿರಲಿ ಇಲ್ಲದಿರಲಿ, ರೈಲು ಹಳಿ ದಾಟುವ ಮುನ್ನ 15ರಿಂದ 50 ಅಡಿ ದೂರದಲ್ಲಿ ನಿಂತು, ನೋಡಿ, ಕಿವಿಗೊಟ್ಟು ಕೇಳಬೇಕು. ಹಳಿಯ ಮೇಲೆ ಗೇರ್ ಬದಲಿಸಬಾರದು. ಲಾರಿಯ 25 ಅಡಿಯೊಳಗೆ ಬೀಡಿ ಸಿಗರೇಟು ಸೇದಬಾರದು.

ಇಳಿಸುವುದು

ನಿಲ್ದಾಣದಲ್ಲಿ ಮತ್ತೆ ನೆಲಸಂಪರ್ಕ, ಹೋಸ್ ಜೋಡಣೆ. ಅಲ್ಲಿನ ಯಂತ್ರ ತೈಲವನ್ನು ಅಳೆಯುತ್ತದೆ, ಹರಿಯುವಾಗಲೇ ಮಾದರಿ ತೆಗೆಯುತ್ತದೆ, ನೀರು ಹೆಚ್ಚಿದ್ದರೆ ಹರಿವನ್ನು ತಡೆಯುತ್ತದೆ. ತುಂಬಿಕೊಂಡಾಗ ಬರೆದ ಲೆಕ್ಕಕ್ಕೂ ಇಳಿಸಿದಾಗ ಬಂದ ಲೆಕ್ಕಕ್ಕೂ ತಾಳೆಯಾಗದಿದ್ದರೆ ಪ್ರಶ್ನೆ ಮೊದಲು ಬರುವುದು ಚಾಲಕರಿಗೆ. ನಿಲ್ದಾಣದಲ್ಲಿ ಸಾಲು ಉದ್ದವಿದ್ದರೆ ಗಂಟೆಗಟ್ಟಲೆ ಕಾಯಬೇಕು.

ಸಮಯ ಮತ್ತು ಸಂಬಳ

ಕೇಂದ್ರದ ನಿಯಮದಂತೆ ಹತ್ತು ಗಂಟೆ ವಿರಾಮ ಪಡೆದವರು ಮುಂದಿನ 14 ಗಂಟೆಯೊಳಗೆ ಗರಿಷ್ಠ 11 ಗಂಟೆ ಚಾಲನೆ ಮಾಡಬಹುದು. ರಾಜ್ಯದೊಳಗೇ ಓಡುವವರಿಗೆ ಟೆಕ್ಸಾಸ್ 15 ಗಂಟೆಯಲ್ಲಿ 12 ಗಂಟೆಯ ಚಾಲನೆಗೆ ಅವಕಾಶ ಕೊಡುತ್ತದೆ. ಬಾವಿಗಳು ರಾತ್ರಿ ನಿಲ್ಲುವುದಿಲ್ಲವಾದ್ದರಿಂದ ಅನೇಕ ಕಂಪನಿಗಳಲ್ಲಿ ಒಂದೇ ಲಾರಿಯನ್ನು ಹಗಲು ಒಬ್ಬರು, ರಾತ್ರಿ ಒಬ್ಬರು ಓಡಿಸುತ್ತಾರೆ. ಹೊಸಬರಿಗೆ ಹೆಚ್ಚಾಗಿ ರಾತ್ರಿಯ ಪಾಳಿ. ದೂರಪ್ರಯಾಣದ ಲಾರಿಯವರಂತೆ ವಾರಗಟ್ಟಲೆ ಮನೆ ಬಿಟ್ಟಿರಬೇಕಿಲ್ಲ ಎಂಬುದು ಸ್ಥಳೀಯರಿಗೆ ಇದರ ದೊಡ್ಡ ಆಕರ್ಷಣೆ. ಹೊರಗಿನಿಂದ ಬಂದವರು ಕಂಪನಿಯ ವಸತಿಯಲ್ಲಿದ್ದು ಕೆಲವು ವಾರ ದುಡಿದು ಕೆಲವು ದಿನ ಊರಿಗೆ ಹೋಗಿಬರುತ್ತಾರೆ.

ಸಂಬಳ ಗಂಟೆಯ ಲೆಕ್ಕದಲ್ಲೋ, ಲೋಡಿನ ಆದಾಯದ ಇಂತಿಷ್ಟು ಪಾಲಿನ ಲೆಕ್ಕದಲ್ಲೋ ಇರುತ್ತದೆ. 2023ರ ಸರ್ಕಾರಿ ಅಂಕಿಅಂಶದಂತೆ ಅಮೆರಿಕದ ಭಾರಿ ಲಾರಿ ಚಾಲಕರ ಮಧ್ಯಮ ವಾರ್ಷಿಕ ವೇತನ 54,320 ಡಾಲರ್. ಕಚ್ಚಾ ತೈಲದವರು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಗಳಿಸುತ್ತಾರೆ. ಲೋಡಿನ ಲೆಕ್ಕದ ಸಂಬಳದಲ್ಲಿ ಕಾಯುವ ಹೊತ್ತಿಗೆ ಹಣವಿದೆಯೇ, ತೈಲ ತಿರಸ್ಕರಿಸಿ ಖಾಲಿ ಬಂದರೆ ಏನು ಕೊಡುತ್ತಾರೆ ಎಂಬುದನ್ನು ಮೊದಲೇ ತಿಳಿದಿರಬೇಕು. ಖಾಲಿ ಬಂದದ್ದಕ್ಕೆ ಹಣ ಸಿಗದ ಕಡೆ ಕೆಟ್ಟ ತೈಲವನ್ನೂ ತುಂಬಿಕೊಳ್ಳುವ ಆಸೆ, ಅವಸರದಲ್ಲಿ ಅಳೆಯುವ ಚಾಳಿ ಹುಟ್ಟುತ್ತವೆ.

ಈ ಗಳಿಕೆ ತೈಲದ ಬೆಲೆಗೆ ಕಟ್ಟುಬಿದ್ದಿದೆ. 2014ರಲ್ಲಿ ಉತ್ತರ ಡಕೋಟದ ಉತ್ಪಾದನೆ ದಿನಕ್ಕೆ 10 ಲಕ್ಷ ಬ್ಯಾರೆಲ್ ದಾಟಿದಾಗ ವಿಲಿಸ್ಟನ್‌ನಲ್ಲಿ ಮಲಗಲು ಜಾಗ ಸಿಗುತ್ತಿರಲಿಲ್ಲ. ಆ ವರ್ಷದ ಕೊನೆಗೆ ಬೆಲೆ ಕುಸಿಯಿತು, ಸಾವಿರಾರು ಜನ ಊರು ಬಿಟ್ಟರು. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್ 20ರಂದು, ಅಮೆರಿಕದ ತೈಲದ ವಾಯಿದಾ ಬೆಲೆ ಸೊನ್ನೆಗಿಂತ ಕೆಳಗಿಳಿದು ಮೈನಸ್ 37.63 ಡಾಲರಿಗೆ ನಿಂತಿತು. ಹೊಸ ಕೊಳವೆ ಬಂದರೂ ಅಲ್ಲಿನ ಲಾರಿಗಳ ಕೆಲಸ ಕರಗುತ್ತದೆ. ಚೆನ್ನಾಗಿ ಗಳಿಸುವ ಕಾಲದಲ್ಲಿ ಸಾಲ ಮಾಡಿ ಸ್ವಂತ ಲಾರಿ ಕೊಂಡು, ಇಳಿಗಾಲದಲ್ಲಿ ಕಂತು ಕಟ್ಟಲಾಗದೆ ಕಳೆದುಕೊಂಡವರು ಇಲ್ಲಿ ಬಹಳ. ಹೊಸಬರು ಮೊದಲ ಕೆಲವು ವರ್ಷ ಕಂಪನಿಯ ಲಾರಿಯನ್ನೇ ಓಡಿಸುವುದು ಲೇಸು.

ಕರ್ನಾಟಕದಲ್ಲಿ

ಕರ್ನಾಟಕದ ರಸ್ತೆಗಳಲ್ಲಿ ಕಾಣುವ ಟ್ಯಾಂಕರುಗಳಲ್ಲಿ ಕಚ್ಚಾ ತೈಲ ಇರುವುದಿಲ್ಲ. ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕೆ ಅದು ಹಡಗಿನಲ್ಲಿ ಬಂದು ಕೊಳವೆಯಲ್ಲೇ ಒಳಸೇರುತ್ತದೆ. ದೇಶದ ತುರ್ತು ಬಳಕೆಗೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ನೆಲದಾಳದ ಗುಹೆಗಳಿವೆ. ಅವನ್ನು ತುಂಬುವುದೂ ಕೊಳವೆಯೇ. ಶಿರಾಡಿ ಘಾಟಿಯಲ್ಲಿ ಸಾಲುಗಟ್ಟುವ ಟ್ಯಾಂಕರುಗಳು ಹೊತ್ತಿರುವುದು ಅಡುಗೆ ಅನಿಲ, ಇಂಧನ, ಡಾಂಬರಿನಂಥ ಸಿದ್ಧ ಸರಕು.

ಆದರೂ ಅಪಾಯಕಾರಿ ದ್ರವ ಒಯ್ಯುವವರ ಜವಾಬ್ದಾರಿ ಎಲ್ಲೆಡೆ ಒಂದೇ. ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮ ಇಂಥ ಚಾಲಕರಿಗೆ ಮೂರು ದಿನದ ತರಬೇತಿ ಮತ್ತು ಲೈಸೆನ್ಸಿನ ಮೇಲೆ ಪ್ರತ್ಯೇಕ ನಮೂದನ್ನು ಕಡ್ಡಾಯ ಮಾಡಿದೆ. ಲಾರಿಯ ಮೇಲೆ ಸರಕಿನ ಸಂಖ್ಯೆಯುಳ್ಳ ಫಲಕ ಇಲ್ಲೂ ಇರಲೇಬೇಕು: ಪೆಟ್ರೋಲಿಗೆ 1203, ಅಡುಗೆ ಅನಿಲಕ್ಕೆ 1075. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅನಿಲದ ಟ್ಯಾಂಕರ್ ಉರುಳಿ ಹೊತ್ತಿಕೊಂಡಾಗ ರಸ್ತೆಬದಿಯ ಮನೆಗಳವರು ಬಲಿಯಾದರು. ಆ ಫಲಕವನ್ನು ಓದಿ ದೂರ ಸರಿಯಲು ಚಾಲಕರಷ್ಟೇ ಅಲ್ಲ, ಹೆದ್ದಾರಿಯ ಪಕ್ಕದ ಊರಿನವರೂ ಕಲಿಯಬೇಕು.

ಈ ವೃತ್ತಿಗೆ ಬರುವವರಲ್ಲಿ ಇರಬೇಕಾದ ಗುಣಗಳಲ್ಲಿ ತೋಳ್ಬಲ, ವೇಗ ಕೊನೆಗೆ ಬರುತ್ತವೆ. ಪ್ರತಿ ಸಲವೂ ಅದೇ ಕ್ರಮದಲ್ಲಿ ಅದೇ ಕೆಲಸ ಮಾಡುವ ತಾಳ್ಮೆ, ಸರಿಯಾಗಿ ಅಳೆದು ಸರಿಯಾಗಿ ಬರೆಯುವ ಪ್ರಾಮಾಣಿಕತೆ, ನಿದ್ದೆ ಬಂದಾಗ ಲಾರಿ ನಿಲ್ಲಿಸುವ ವಿವೇಕ ಮೊದಲು ಬೇಕು. ಕಂಪನಿಯ ಒತ್ತಡ ಎಷ್ಟೇ ಇರಲಿ, ಮಾಪಕ ಕೂಗಿದಾಗ ಮೆಟ್ಟಿಲು ಏರದಿರುವ ಹಕ್ಕು ಪ್ರತಿಯೊಬ್ಬ ಚಾಲಕರಿಗೂ ಇರಬೇಕು, ಅದನ್ನು ಬಳಸುವ ದಿಟ್ಟತನ ಮೊದಲ ದಿನದಿಂದಲೇ ಇರಬೇಕು. ಲೋಡು ನಾಳೆಯೂ ಸಿಗುತ್ತದೆ.